ಐದು ರೂಪಾಯಿ ತಿಂಡಿ

ಇವತ್ತು ಬೆಳಿಗ್ಗೆ ಪೀಣ್ಯದ ಹತ್ತಿರ ಟೀ ಅಂಗಡಿಯಲ್ಲಿ ನಿಂತಿದ್ದೆ. ಗಾರ್ಮೆಂಟ್ಸ್‌ಗೆ ಹೊರಟಿದ್ದ ಅಕ್ಕ ಒಬ್ಬರು ಟೀ ಜೊತೆ 5 ರೂಪಾಯಿಯ ಎರಡು ಕುರುಕಲು ಪ್ಯಾಕೆಟ್ ತಗೊಂಡರು. ಬೆಳಗಿನ ತಿಂಡಿ ಅಷ್ಟೇ. ಪಕ್ಕದ ತಳ್ಳುಗಾಡಿ ತುಂಬಾ ಸೇಬು, ದಾಳಿಂಬೆ. ಆದರೆ 5 ರೂಪಾಯಿಗೆ ಯಾರು ಕೊಡುತ್ತಾರೆ?

ಎಣ್ಣೆ, ಉಪ್ಪು, ಸಕ್ಕರೆ ತುಂಬಿದ ತಿಂಡಿ ಮಾತ್ರ ಚಿಲ್ಲರೆ ಕಾಸಿಗೆ ಎಲ್ಲಾ ಕಡೆ ಸಿಗುತ್ತದೆ. ಮನೆಯಲ್ಲೂ ಅಷ್ಟೇ, ಬೇಳೆ ತರಕಾರಿ ಕಮ್ಮಿ ಇದ್ದಾಗ ತಟ್ಟೆಗೆ ಅನ್ನ ಜಾಸ್ತಿ ಬೀಳುತ್ತದೆ, ಹೊಟ್ಟೆ ತುಂಬಬೇಕಲ್ವಾ. ಆಮೇಲೆ ಶುಗರ್ ಬಂದರೆ "ಬಾಯಿ ಕಟ್ಟಬೇಕಿತ್ತು" ಅಂತ ಬುದ್ಧಿ ಹೇಳುವವರು ಸಾಲುಗಟ್ಟಿ ಬರುತ್ತಾರೆ. ಆ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ 5 ರೂಪಾಯಿಗೇ ಬಿಸಿ ತಿಂಡಿ ಕೊಟ್ಟರು. ಅಂಥದ್ದೊಂದು ಪ್ರತಿ ಫ್ಯಾಕ್ಟರಿ ಗೇಟಿನ ಹತ್ತಿರ ಯಾಕಿರಬಾರದು?