ನೀಲಿ ಬೆರಳು

ನಮ್ಮ ಕಾಲೇಜು ಅಂದರೆ ನನಗೆ ಮೊದಲು ನೆನಪಾಗುವುದು ಒಂದು ಮಧ್ಯಾಹ್ನದ ಕನ್ನಡ ತರಗತಿ. ಊಟ ಮುಗಿಸಿ ಬಂದ ಹೊತ್ತು. ಕಿಟಕಿಯಾಚೆ ಬಳ್ಳಾರಿ ಕೋಟೆಯ ಗುಡ್ಡ ಬಿಸಿಲಿಗೆ ಕಾದು ಹೊಳೆಯುತ್ತಿತ್ತು. ಮೇಡಂ ರಾಘವಾಂಕನ ಹರಿಶ್ಚಂದ್ರ ಕಾವ್ಯ ಓದುತ್ತಿದ್ದರು. "ಈತ ಬೇರೆಯವನಲ್ಲ, ನಮ್ಮ ಹಂಪಿಯವನು" ಅಂತಲೇ ಶುರು ಮಾಡಿದ್ದರು. ಆಗ ಹಂಪಿ ನಮ್ಮ ಜಿಲ್ಲೆಯಲ್ಲೇ ಇತ್ತು. ರಗಳೆಯ ಹರಿಹರನ ಸೋದರಳಿಯ, ಸುಮಾರು 800 ವರ್ಷದ ಹಿಂದಿನ ಕವಿ.

ವಾರ್ಧಕ ಷಟ್ಪದಿಯ ಆರು ಸಾಲಿನಲ್ಲಿ ಮೂರನೆಯದೂ ಆರನೆಯದೂ ಉದ್ದ. ಅಲ್ಲಿಗೆ ಬಂದಾಗ ಮೇಡಂ ಉಸಿರು ಎಳೆದು ಓದುತ್ತಿದ್ದರು. ಅಳುವವರ ಉಸಿರೂ ಹಾಗೇ ಅಲ್ವಾ?

ಲೋಹಿತಾಶ್ವನಿಗೆ ಹಾವು ಕಚ್ಚಿದ ಸುದ್ದಿ ಬರುತ್ತದೆ. ಚಂದ್ರಮತಿ ಒಡೆಯನ ಮುಂದೆ ಬೇಡಿಕೊಳ್ಳುತ್ತಾಳೆ. ಆತ ಹೇಳುವುದು ಇಷ್ಟೇ: ಕೆಲಸ ಎಲ್ಲ ಮುಗಿಸಿ ಹೋಗು. ಆಕೆ ಮುಗಿಸುತ್ತಾಳೆ. ಆಮೇಲೆ ಕತ್ತಲಲ್ಲಿ ಮಗನ ಹೆಸರು ಕೂಗುತ್ತಾ ಓಡುತ್ತಾಳೆ. ಗಾಳಿ ಸದ್ದಾದರೂ ಅವನೇ ಅಂದುಕೊಳ್ಳುತ್ತಾಳೆ.

ನಾನು ಪುಸ್ತಕದ ಮೇಲೆ ತಲೆ ಇಟ್ಟುಬಿಟ್ಟೆ.

ಅವ್ವ ಜೀನ್ಸ್ ಹೊಲಿಯುವ ಒಂದು ಶೆಡ್ಡಿಗೆ ಹೋಗುತ್ತಿದ್ದಳು. ಪೀಸಿಗೆ ಇಷ್ಟು ಅಂತ ಲೆಕ್ಕ. ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ದಿನ ಶಾಲೆಯಲ್ಲಿ ಜ್ವರ ಬಂದು ಬಿದ್ದೆ. ಹುಡುಗರು ಓಡಿಹೋಗಿ ಹೇಳಿಬಂದರು. ನಾನು ಬೆಂಚಿನ ಮೇಲೆ ಮಲಗಿ ಬಾಗಿಲನ್ನೇ ನೋಡುತ್ತಿದ್ದೆ. ಬೆಲ್ ಹೊಡೆಯಿತು, ಎಲ್ಲರೂ ಮನೆಗೆ ಹೋದರು, ಗುಡಿಸುವ ಅಮ್ಮ ಬಂದು ಗುಡಿಸಿದಳು. ಅವ್ವ ಬಂದಾಗ ದೀಪ ಹಚ್ಚುವ ಹೊತ್ತು. ಸೆರಗಿನ ತುಂಬ ದಾರದ ಚೂರು. ಹಣೆ ಮುಟ್ಟಿದಳು. ತೊಳೆಯದ ಹೊಸ ಬಟ್ಟೆಯ ಬಣ್ಣ ಉಗುರಿನ ಸಂದಿಗೆಲ್ಲ ಇಳಿದಿತ್ತು. ಆ ನೀಲಿ ಕೈಯನ್ನು ನಾನು ತಳ್ಳಿದೆ. "ಈಗ ಯಾಕ ಬಂದಿ?" ಅಂದೆ. ಅವಳು ಏನೂ ಹೇಳಲಿಲ್ಲ. ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ್ ಹತ್ತಿರ ನಡೆದಳು. ಆ ವಯಸ್ಸಿಗೆ ನಾನು ಭಾರವೇ ಇದ್ದೆ.

ಅವತ್ತು ಶೆಡ್ಡಿನಲ್ಲಿ, ಕೊಟ್ಟ ಲಾಟಿನ ಪ್ಯಾಂಟು ಪೂರ್ತಿ ಮುಗಿಯದೆ ಏಳಬೇಡ ಅಂದಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಅದೂ ಪಕ್ಕದ ಮನೆಯವರಿಂದ. ಗೊತ್ತಾದ ಮೇಲೂ ನನ್ನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಬಿಟ್ಟು ಬರಬಹುದಿತ್ತಲ್ಲ ಅಂತ ಒಳಗೆ ಇದ್ದೇ ಇತ್ತು.

ಅವತ್ತು ಮೇಡಂ ಕ್ಲಾಸು ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತರು. ಏನೂ ಕೇಳಲಿಲ್ಲ. ಆ ಭಾಗ ಇನ್ನೊಮ್ಮೆ, ಮೆಲ್ಲಗೆ, ನನಗೊಬ್ಬಳಿಗೇ ಓದಿದರು. ಅಷ್ಟು ಚೆನ್ನಾಗಿ ನನಗೆ ಯಾರೂ ಸಮಾಧಾನ ಮಾಡಿಲ್ಲ.

ರಾತ್ರಿ ಅವ್ವ ಮನೆಗೆ ತಂದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕಥೆ ಹೇಳಿದೆ.

"ಹುಡುಗ ಉಳಿದ್ನಾ?" ಅಂದಳು.

"ಕೊನೆಗೆ ಕಾಶಿ ವಿಶ್ವನಾಥ ಬದುಕಿಸ್ತಾನ."

ಕತ್ತರಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಳು. ನಾನು ತಡೆಯಲಾರದೆ ಕೇಳಿಬಿಟ್ಟೆ: "ಆಕಿ ಕೆಲಸ ಬಿಟ್ಟು ಮೊದಲೇ ಓಡಬಹುದಿತ್ತಲ್ಲವ್ವ?"

"ಹೆಂಗ ಓಡ್ತಾಳ? ಮಾರಿಕೊಂಡಾಕಿ ಆಕಿ," ಅಂದಳು.

ನಾನು ಅವಳ ಕೈಯಿಂದ ಕತ್ತರಿ ತಗೊಂಡೆ. ಉಳಿದ ಪ್ಯಾಂಟುಗಳ ದಾರ ನಾನೇ ಕತ್ತರಿಸಿದೆ.