ಅಮೆರಿಕಾದ ಎಲೆಕ್ಟೋರಲ್ ಕಾಲೇಜು, ಬೆಳಗಾವಿಯಿಂದ ನೋಡಿದ್ರ

2025ರ ಡಿಸೆಂಬರ್‌ದಾಗ ಇಲ್ಲಿ ಅಧಿವೇಶನ ನಡೆದಿತ್ತು, ಆಗ ನಮ್ಮ ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ರಾತ್ರಿ ಊಟಕ್ಕ ಕುಂತಾಗ ಮಾತು ಡಿಲಿಮಿಟೇಶನ್ ಮ್ಯಾಲ ಬಂತು. ಹುಡುಗ ಭಾಳ ಬಿಸಿ ಆಗಿದ್ದ. ಜನಸಂಖ್ಯೆ ಲೆಕ್ಕದಾಗ ಲೋಕಸಭಾ ಸೀಟು ಹಂಚಿದ್ರ ನಮ್ಮ ಕರ್ನಾಟಕದ 28ಕ್ಕ ಏನೂ ಕಿಮ್ಮತ್ತು ಉಳಿಯಂಗಿಲ್ಲ, ಉತ್ತರದ ನಾಕು ರಾಜ್ಯ ಸೇರಿ ದೇಶ ನಡಸ್ತಾವ, ಬರೇ ತಲಿ ಎಣಿಸೂದು ಅಂದ್ರ ನ್ಯಾಯ ಅಲ್ಲ ಮಾಮಾ ಅಂದ. ನಾನೂ ಹೌದು ಅಂದೆ, ಖರೇನ ಐತಿ ಅವನ ಮಾತು. ಆಮ್ಯಾಲ ಅರ್ಧ ತಾಸಿನಾಗ ಮಾತು ಟ್ರಂಪ್ ಕಡೆ ಹೊಳ್ಳಿತು, ಆಗ ಅದೇ ಹುಡುಗ ಅಂತಾನ, "ಮಾಮಾ, ಹೆಚ್ಚು ವೋಟ್ ತಗೊಂಡವ್ರು ಸೋತು ಕಡಿಮಿ ತಗೊಂಡವ್ರು ಗೆಲ್ತಾರಂದ್ರ ಅದೆಂಥಾ ಪ್ರಜಾಪ್ರಭುತ್ವ, ಒಂದ ತಲಿಗೆ ಒಂದ ವೋಟ್ ಅಷ್ಟ ಇರಬೇಕು."

ಅವ ಹೇಳಿದ್ದು 2016ರದ್ದು. ಹಿಲರಿ ಕ್ಲಿಂಟನ್‌ಗೆ ಟ್ರಂಪ್‌ಗಿಂತ ಸುಮಾರು 28 ಲಕ್ಷ ವೋಟ್ ಹೆಚ್ಚಿಗಿ ಬಿದ್ದಿದ್ವು, ಆದ್ರೂ ಅಧ್ಯಕ್ಷ ಆದವ ಟ್ರಂಪ್. ಯಾಕಂದ್ರ ಅಲ್ಲಿ ಅಧ್ಯಕ್ಷನನ್ನ ಆರಿಸೂದು ದೇಶದ ಒಟ್ಟು ವೋಟಲ್ಲ, ರಾಜ್ಯವಾರು ಹಂಚಿದ ಎಲೆಕ್ಟೋರಲ್ ವೋಟು, ಆ ಪದ್ಧತಿಗೇ ಎಲೆಕ್ಟೋರಲ್ ಕಾಲೇಜು ಅಂತಾರ. 2000ದಾಗ ಅಲ್ ಗೋರ್‌ಗೂ ಹಂಗ ಆಗಿತ್ತು. ನಾ ಅವಂಗ ಕೇಳಿದೆ, ಏನಪಾ ತಮ್ಮಾ, ಈಗ ಅರ್ಧ ತಾಸಿನ ಹಿಂದ ಬರೇ ತಲಿ ಎಣಿಸೂದು ನ್ಯಾಯ ಅಲ್ಲ ಅಂದೆಲ್ಲೋ, ಅಮೆರಿಕಾದ ಸಣ್ಣ ರಾಜ್ಯದವರು ಹೇಳೂದೂ ಅದನ್ನ ಅಲ್ಲೇನು? ಅವ ಸುಮ್ಮ ಆದ, ಆದ್ರ ಒಪ್ಪಲಿಲ್ಲ. ಆ ರಾತ್ರಿ ಪೂರ್ತಿ ಹೇಳಾಕ ಆಗದಿದ್ದದ್ದು ಇಲ್ಲಿ ಬರೀತೀನಿ.

ನಾ ಅಮೆರಿಕಾದ ಕನ್ಸರ್ವೇಟಿವ್ ಮಂದಿ, ಅಂದ್ರ ಹೆಚ್ಚಾಗಿ ಟ್ರಂಪ್‌ನ ರಿಪಬ್ಲಿಕನ್ ಪಾರ್ಟಿ ಕಡೆಯವರು, ಹೇಳೂದನ್ನ ಹತ್ತು ಹದಿನೈದು ವರ್ಷದಿಂದ ಓದ್ಕೋತ ಬಂದೀನಿ, ನಮ್ಮ ಕಾಕಾನ ಮಗ ಟೆಕ್ಸಾಸ್‌ದಾಗ ಇದ್ದಾನ, ಅವನ ಕೂಡ ವಾರಕ್ಕೊಮ್ಮೆ ಮಾತೂ ಆಗ್ತೈತಿ. ನಮ್ಮ ಟಿವಿಯಾಗ ಅವರನ್ನ ತೋರಸೂದು ಹೆಂಗಂದ್ರ ಕೆಂಪು ಟೋಪಿ, ಬಂದೂಕು, ಚರ್ಚು, ಮುಗೀತು. ಆದ್ರ ಅವರ ವಿಚಾರದ ಬುಡದಾಗ ಇರೂದು ಒಂದ ಮಾತು, ಅಧಿಕಾರ ಒಂದ ಊರಾಗ ಒಂದ ಕೈಯಾಗ ಕೂಡಬಾರದು, ಹಂಚಿರಬೇಕು. 1791ರ ಅವರ ಹತ್ತನೇ ತಿದ್ದುಪಡಿ ಹೇಳೂದು ಅದನ್ನ, ಕೇಂದ್ರಕ್ಕ ಕೊಡದಿದ್ದ ಅಧಿಕಾರ ಎಲ್ಲಾ ರಾಜ್ಯಗಳದ್ದು ಮತ್ತ ಜನರದ್ದು. ಈ ಮಾತು ಬೆಂಗಳೂರಾಗ ಕುಂತು ಓದಿದ್ರ ಪುಸ್ತಕದ ಮಾತು ಅನಸ್ತೈತಿ. ಬೆಳಗಾವಿಯಾಗ ಕುಂತು ಓದ್ರಿ, ಎದಿಗೆ ನಾಟ್ತೈತಿ. ಒಂದು ಸಹಿ ಸಲುವಾಗಿ 500 ಕಿಲೋಮೀಟರ್ ರಾತ್ರಿ ಬಸ್ಸಿನಾಗ ಹೋಗಿ, ಮುಂಜಾನೆ ಸ್ಟ್ಯಾಂಡಿನಾಗ ಮಾರಿ ತೊಳ್ಕೊಂಡು, ಸಾಹೇಬ್ರು ಮೀಟಿಂಗ್‌ನಾಗ ಅದಾರ ಅಂತ ಕೇಳ್ಕೊಂಡು ಹೊಳ್ಳಿ ಬಂದ ಮಂದಿ ನಾವು. ನಮ್ಮಪ್ಪ ತನ್ನ ಪಿಂಚಣಿ ಕಾಗದಕ್ಕ ಮೂರು ಸಲ ಹಿಂಗ ಹೋಗಿ ಬಂದಾನ. 2012ರಾಗ ಇಲ್ಲಿ ಸುವರ್ಣ ಸೌಧ ಎದ್ದು ನಿಂತಾಗ ಅವ ನನ್ನ ಕೈ ಹಿಡ್ಕೊಂಡು ಹೋಗಿ ದೂರದಿಂದ ನೋಡಿ, ಇನ್ನ ಮ್ಯಾಲ ಸರ್ಕಾರ ನಮ್ಮ ಬಾಗಲಿಗೆ ಬರ್ತೈತಿ ಅಂದಿದ್ದ. ವರ್ಷಕ್ಕ ಹತ್ತು ಹನ್ನೆರಡು ದಿವಸ ಬರ್ತೈತಿ, ಟೆಂಟ್ ಹಾಕ್ಕೊಂಡು ರೈತರು ಟೀಚರ್‌ಗಳು ಅಂಗನವಾಡಿ ಅಕ್ಕಂದಿರು ಕುಂದರ್ತಾರ, ಆಮ್ಯಾಲ ಎಲ್ಲಾ ಗಾಡಿ ಬೆಂಗಳೂರಿಗೆ.

ಅದಕ್ಕ ವಯೋಮಿಂಗ್‌ದವನ ಮಾತು ನನಗ ತಿಳೀತೈತಿ. ಆ ರಾಜ್ಯದ ಮಂದಿ 6 ಲಕ್ಷಕ್ಕಿಂತ ಕಡಿಮಿ, ಕ್ಯಾಲಿಫೋರ್ನಿಯಾದ್ದು 3.9 ಕೋಟಿ. ಬರೇ ತಲಿ ಎಣಿಸಿದ್ರ ವಯೋಮಿಂಗ್ ಇದ್ರೂ ಇಲ್ಲದಿದ್ರೂ ಒಂದ. 1787ರಾಗ ಫಿಲಡೆಲ್ಫಿಯಾದಾಗ ಸಂವಿಧಾನ ಬರೆಯೂ ಮುಂದ ಇದ ಜಗಳ ಆಗಿತ್ತು, ಸಣ್ಣ ರಾಜ್ಯದವರು ನಾವು ಒಕ್ಕೂಟಕ್ಕ ಬರಬೇಕಂದ್ರ ನಮ್ಮ ಮಾತಿಗೂ ತೂಕ ಬೇಕು ಅಂದ್ರು, ಹಂಗಾಗಿ ಸೆನೆಟ್‌ನಾಗ ಸಣ್ಣದಿರ್ಲಿ ದೊಡ್ಡದಿರ್ಲಿ ಪ್ರತಿ ರಾಜ್ಯಕ್ಕ ಎರಡ ಸೀಟು. ನಮ್ಮ ರಾಜ್ಯಸಭಾದಾಗ ಹಂಗಿಲ್ಲ ನೋಡ್ರಿ, ಉತ್ತರ ಪ್ರದೇಶಕ್ಕ 31, ನಮಗ 12. ಅಧ್ಯಕ್ಷನ ಚುನಾವಣೆಗೂ ಅದೇ ಲೆಕ್ಕ, ನಮ್ಮ ಲೋಕಸಭಾದಂಥ ಅವರ ಹೌಸ್‌ನಾಗ ಎಷ್ಟು ಸೀಟು ಅದಾವೋ ಅದಕ್ಕ ಸೆನೆಟ್‌ನ ಎರಡು ಕೂಡಿಸಿ ಆ ರಾಜ್ಯದ ಎಲೆಕ್ಟೋರಲ್ ವೋಟು, ವಯೋಮಿಂಗ್‌ಗೆ 3, ಕ್ಯಾಲಿಫೋರ್ನಿಯಾಕ್ಕ 54, ಒಟ್ಟು 538, ಗೆಲ್ಲಾಕ 270. ಮೇನ್ ಮತ್ತ ನೆಬ್ರಾಸ್ಕಾ ಬಿಟ್ರ ಉಳಿದ ಕಡೆ ಯಾವ ರಾಜ್ಯದಾಗ ಯಾರು ಗೆಲ್ತಾರೋ ಅವರಿಗೆ ಆ ರಾಜ್ಯದ ಎಲ್ಲಾ ಎಲೆಕ್ಟೋರಲ್ ವೋಟು.

ಅಳಿಯ ಇನ್ನೊಂದು ಕೇಳಿದ್ದ, ಅದು ಛೊಲೋ ಪ್ರಶ್ನೆ. ವಯೋಮಿಂಗ್‌ಗೆ ಯಾರು ಪ್ರಚಾರಕ್ಕ ಹೋಗ್ತಾರ ಮಾಮಾ, ಎಲ್ಲಾರೂ ಆ ಏಳು ರಾಜ್ಯದಾಗ ತಿರುಗ್ತಾರಲ್ಲ? ಖರೇ. 2024ರಾಗ ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲೈನಾ, ಅರಿಜೋನಾ, ನೆವಾಡಾ, ಇವ ಏಳು, ಏಳಕ್ಕ ಏಳೂ ಟ್ರಂಪ್ ಗೆದ್ದ, ಒಟ್ಟು ಎಲೆಕ್ಟೋರಲ್ ವೋಟು 312ಕ್ಕ 226. ಆದ್ರ ಆ ಏಳು ಯಾವಾಗ್ಲೂ ಅವ ಏಳು ಇರಂಗಿಲ್ಲ. ಓಹಾಯೋ ಫ್ಲೋರಿಡಾ ಮೊನ್ನೆ ಮೊನ್ನೆ ತನಕ ತೂಗಾಡೂ ರಾಜ್ಯ ಇದ್ವು, ಈಗಿಲ್ಲ. ಕ್ಯಾಲಿಫೋರ್ನಿಯಾ 1952ರಿಂದ 1988ರ ತನಕ 1964 ಒಂದ ಬಿಟ್ಟು ಎಲ್ಲಾ ಸಲ ರಿಪಬ್ಲಿಕನ್ ಪಾರ್ಟಿಗೆ ಹೋಗಿತ್ತು ಅಂದ್ರ ಇವತ್ತಿನ ಹುಡುಗೂರು ನಂಬಂಗಿಲ್ಲ. ಇನ್ನೊಂದು ಏನಂದ್ರ, ಈ ಪದ್ಧತಿ ಇರೂದಕ್ಕ ಪೆನ್ಸಿಲ್ವೇನಿಯಾದ ಬಟ್ಲರ್ ಅಂಥ ಸಣ್ಣ ಊರಿಗೆ, ಉಕ್ಕಿನ ಊರು ಅದು, ಅಧ್ಯಕ್ಷ ಆಗಾಕ ಹೊಂಟವ ಬಂದು ನಿಂದರ್ತಾನ. ನಾ ಉದ್ಯಮಬಾಗ್ ಕಡೆ ಹಾದು ಹೋಗೂವಾಗ ಫೌಂಡ್ರಿ ಶಿಫ್ಟ್ ಬಿಟ್ಟು ಮಸಿ ಹತ್ತಿದ ಮಾರಿಲೆ ಬರೂ ಹುಡುಗೂರನ್ನ ನೋಡಿ ಎಷ್ಟೋ ಸಲ ಅಂದ್ಕೊಂಡೀನಿ, ಇವರ ಮುಂದ ನಿಂತು ವೋಟ್ ಕೇಳದ ಯಾವನೂ ರಾಜ್ಯ ಆಳಬಾರದು ಅನ್ನೂ ಕಾಯ್ದೆ ಇದ್ದಿದ್ರ ಹೆಂಗಿರ್ತಿತ್ತು ಅಂತ.

ಮತ್ತೊಂದು ಲಾಭ ಐತಿ, ಅದನ್ನ ಭಾಳ ಮಂದಿ ಮಾತಾಡಂಗಿಲ್ಲ. ಜಗಳ ಆದ್ರ ಒಂದ ರಾಜ್ಯದಾಗ ನಿಂದರ್ತೈತಿ. 2000ದಾಗ ಫ್ಲೋರಿಡಾದ 537 ವೋಟಿನ ಸಲುವಾಗಿ ಸುಪ್ರೀಂ ಕೋರ್ಟ್ ತನಕ ಹೋದ್ರು, ದೇಶ ಪೂರ್ತಿ ಮತ್ತ ಎಣಿಸೂ ಪ್ರಸಂಗ ಬರಲಿಲ್ಲ.

ಎಣಿಸೂ ಮಾತಿನಾಗ ನಾವು ಅವರಿಗಿಂತ ಭಾಳ ಮುಂದ ಅದೀವಿ. ನಾವು ಬೆಳಗಾವಿಯವರು ಲೋಕಸಭಾಕ್ಕ ವೋಟ್ ಹಾಕಿದ್ದು 2024ರ ಮೇ 7ಕ್ಕ, ಜೂನ್ 4ಕ್ಕ ಇಡೀ ದೇಶದ 64 ಕೋಟಿ ವೋಟು ಒಂದ ದಿವಸದಾಗ ಎಣಿಸಿ ಮುಗೀತು. ಕ್ಯಾಲಿಫೋರ್ನಿಯಾದ 13ನೇ ಹೌಸ್ ಕ್ಷೇತ್ರದ ಫಲಿತಾಂಶ ನವೆಂಬರ್ 5ರ ಚುನಾವಣೆದ್ದು ಡಿಸೆಂಬರ್ ತನಕ ಬರಲಿಲ್ಲ, ಕೊನಿಗೆ 187 ವೋಟಿನ ಅಂತರ. ಅಲ್ಲಿ ಬೂತಿಗೆ ಹೋದ್ರ ಹೆಚ್ಚಿನ ಮಂದಿಗೆ ಗುರುತಿನ ಚೀಟಿ ಕೇಳೂದಿಲ್ಲ. ಟೆಕ್ಸಾಸ್‌ದಾಗ ಕೇಳ್ತಾರ, ನಮ್ಮ ಕಾಕಾನ ಮಗ ಲೈಸೆನ್ಸ್ ತೋರಿಸಿ ವೋಟ್ ಹಾಕ್ಯಾನ. ಕನ್ಸರ್ವೇಟಿವ್‌ಗಳು ವೋಟರ್ ಐಡಿ ಬೇಕು ಅಂದ್ರ ಅಲ್ಲಿ ಎಷ್ಟೋ ಮಂದಿ ಅದು ಬಡವರ ವಿರುದ್ಧ ಅಂತಾರ. ನಮ್ಮ ಮನಿ ಕೆಲಸದ ಆಯಿ ಸೆರಗಿನ ಗಂಟಿನಾಗ ವೋಟರ್ ಕಾರ್ಡ್ ಕಟ್ಕೊಂಡು ಮುಂಜಾನೆ ಏಳಕ್ಕ ಸಾಲಿ ಮುಂದ ಪಾಳಿ ಹಚ್ಚತಾಳ, ಆ ಕಾರ್ಡು ಆಕಿಗೆ ಮರ್ಯಾದಿ. ಹಂಗಾಗಿ ಈ ವಿಷಯದಾಗ ನಾ ಪೂರ್ತಿ ಕನ್ಸರ್ವೇಟಿವ್ ಕಡೆ. ವಿಸ್ಕಾನ್ಸಿನ್ ಮಂದಿ 2025ರ ಏಪ್ರಿಲ್ 1ಕ್ಕ ಫೋಟೋ ಐಡಿಯನ್ನ ತಮ್ಮ ರಾಜ್ಯದ ಸಂವಿಧಾನದಾಗ ಹಾಕ್ರಿ ಅಂತ ವೋಟ್ ಮಾಡಿದ್ರು, ಅದೇ ದಿವಸ ಅದೇ ಮಂದಿ ರಾಜ್ಯದ ಸುಪ್ರೀಂ ಕೋರ್ಟ್‌ಗೆ ಲಿಬರಲ್ ನ್ಯಾಯಾಧೀಶೆ ಸೂಸನ್ ಕ್ರಾಫರ್ಡ್ ಅವರನ್ನೂ ಆರಿಸಿದ್ರು. ಐಡಿ ಬೇಕು ಅನ್ನೂದು ಒಂದ ಪಾರ್ಟಿ ಮಾತಲ್ಲ ಅಂತ ಇದಕ್ಕಿಂತ ಚಂದ ಹೆಂಗ ಹೇಳೂದು.

ಆದ್ರ ಇಲ್ಲೇ ನನಗ ಟ್ರಂಪ್ ಮ್ಯಾಲ ಸಿಟ್ಟು ಬರೂದು. 2025ರ ಮಾರ್ಚ್‌ದಾಗ ಪೌರತ್ವದ ಪುರಾವೆ ತೋರಿಸೇ ನೋಂದಣಿ ಆಗಬೇಕು ಅಂತ ವಾಷಿಂಗ್ಟನ್‌ದಿಂದ ಒಂದು ಆರ್ಡರ್ ಹೊಂಡಿಸಿದ, ಕೋರ್ಟು ತಡೀತು. ವಿಚಾರ ಸರಿ ಇರಬಹುದು, ದಾರಿ ಸರಿ ಇಲ್ರಿ. ಚುನಾವಣೆ ನಡಸೂದು ರಾಜ್ಯದ ಕೆಲಸ, ಬದಲಿ ಮಾಡೂದಿದ್ರ ಕಾಂಗ್ರೆಸ್, ಅಂದ್ರ ಅವರ ಸಂಸತ್ತು, ಮಾಡಬೇಕು, ಸಂವಿಧಾನದಾಗ ಹಂಗ ಐತಿ, ಅಧ್ಯಕ್ಷನ ಪೆನ್ನಿಗೆ ಆ ಅಧಿಕಾರ ಇಲ್ಲ. ನಾಳೆ ಬ್ಯಾರೆ ಪಾರ್ಟಿಯವ ಬಂದು ಅದೇ ಪೆನ್ನಿಲೆ ಐಡಿ ಕೇಳಬಾರದು ಅಂತ ಬರದ್ರ ಏನ್ ಹೇಳ್ತೀರಿ? 2020ರ ಚುನಾವಣೆಯಾಗ ಸೋತದ್ದನ್ನ ಟ್ರಂಪ್ ಒಪ್ಪದಿದ್ದ ವಿಷಯದಾಗೂ ನನ್ನ ಮನಸ್ಸು ಹಿಂಗ. ಜಾರ್ಜಿಯಾದಾಗ ಚುನಾವಣೆ ಉಸ್ತುವಾರಿ ಇದ್ದ ಬ್ರಾಡ್ ರಾಫೆನ್ಸ್‌ಪರ್ಗರ್ ರಿಪಬ್ಲಿಕನ್ನನ, ತನ್ನ ಪಾರ್ಟಿ ಅಧ್ಯಕ್ಷನ ಫೋನ್ ಬಂದ್ರೂ ನಮ್ಮ ರಾಜ್ಯದ ಎಣಿಕಿ ಸರಿ ಐತಿ ಅಂತ ನಿಂತ. 2021ರ ಜನವರಿ 6ಕ್ಕ ಟ್ರಂಪ್‌ನ ಉಪಾಧ್ಯಕ್ಷ ಮೈಕ್ ಪೆನ್ಸ್, ರಾಜ್ಯಗಳು ಕಳಿಸಿದ ವೋಟು ತಿರಸ್ಕಾರ ಮಾಡೂ ಹಕ್ಕು ನನಗಿಲ್ಲ ಅಂದ. ಅವರಿಬ್ಬರಿಗೂ ಮನಿ ಮಂದಿಯಿಂದನ ಬೈಗಳ ಬಿದ್ವು. ನನ್ನ ಪ್ರಕಾರ ಅವತ್ತು ಕನ್ಸರ್ವೇಟಿವ್ ಅನ್ನೂ ಶಬ್ದದ ಮಾನ ಉಳಿಸಿದವರು ಅವರು. ನಮ್ಮ ಕಾಕಾನ ಮಗ ಇದನ್ನ ಒಪ್ಪಂಗಿಲ್ಲ, ಫೋನಿನಾಗ ಈ ಮಾತು ಬಂದಾಗೆಲ್ಲಾ ದನಿ ಏರ್ತೈತಿ, ಏರ್ಲಿ.

ಗರ್ಭಪಾತದ ವಿಷಯನೂ ಇದರಾಗ ಬರ್ತೈತಿ. 2022ರ ಜೂನ್ 24ಕ್ಕ ಅವರ ಸುಪ್ರೀಂ ಕೋರ್ಟ್ ದೇಶ ಪೂರ್ತಿ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪು ತಗದು ಹಾಕಿತು, ನಮ್ಮ ಪೇಪರ್‌ದಾಗ ಅಮೆರಿಕಾದಾಗ ಗರ್ಭಪಾತ ಬಂದ್ ಅಂತ ಬಂತು. ಕೋರ್ಟ್ ಹೇಳಿದ್ದು ಅದು ರಾಜ್ಯದ ಮಂದಿ ನಿರ್ಧಾರ ಮಾಡೂ ವಿಷಯ ಅಂತ. ಎರಡ ತಿಂಗಳಿನಾಗ ಕ್ಯಾನ್ಸಾಸ್, ಅದು ಪಕ್ಕಾ ರಿಪಬ್ಲಿಕನ್ ರಾಜ್ಯ, ಗರ್ಭಪಾತದ ಹಕ್ಕು ಇರ್ಲಿ ಅಂತ ವೋಟ್ ಮಾಡಿತು, 2023ರಾಗ ಓಹಾಯೋ ಸುದ್ದಾ. ಕನ್ಸರ್ವೇಟಿವ್‌ಗಳಿಗೆ ಅಲ್ಲಿ ಸೋಲಾತು. ಕೇಳಿದ್ದು ಜನರ ಕೈಗೆ ಕೊಡ್ರಿ ಅಂತ, ಕೊಟ್ಟ ಮ್ಯಾಲ ಜನ ಹೇಳಿದ್ದನ್ನ ಕೇಳಬೇಕು.

ಈಗ 2026ರ ನವೆಂಬರ್ 3ರ ಮಿಡ್‌ಟರ್ಮ್, ಅಂದ್ರ ಅಧ್ಯಕ್ಷನ ಅವಧಿ ನಡುವ ಬರೂ ಸಂಸತ್ತಿನ ಚುನಾವಣೆ, ಸಲುವಾಗಿ ನಡೆದ ಕ್ಷೇತ್ರ ಕೊಯ್ಯೂ ಆಟ ನೋಡಿದ್ರ ಹೊಟ್ಟಿ ಉರೀತೈತಿ. ಟೆಕ್ಸಾಸ್ 2025ರ ಆಗಸ್ಟ್‌ದಾಗ ರಿಪಬ್ಲಿಕನ್‌ಗೆ ಐದು ಸೀಟು ಹೆಚ್ಚಿಗಿ ಬರೂವಂಗ ನಕಾಶಿ ತಿದ್ದಿತು, ಜನಗಣತಿ ಇಲ್ಲ ಏನಿಲ್ಲ. ಅದಕ್ಕ ಕ್ಯಾಲಿಫೋರ್ನಿಯಾ ನವೆಂಬರ್‌ದಾಗ ಜನಮತ ತಗೊಂಡು ಡೆಮಾಕ್ರಟ್ ಕಡೆ ತಿದ್ದಿತು. ಇಂಡಿಯಾನಾಕ್ಕೂ ವೈಟ್ ಹೌಸ್‌ದಿಂದ ಒತ್ತಡ ಬಂತು, ಆ ರಾಜ್ಯದ್ದ ಸ್ವಂತ ಸೆನೆಟ್‌ನಾಗ 50ರಾಗ 40 ಮಂದಿ ರಿಪಬ್ಲಿಕನ್ನರು. ಡಿಸೆಂಬರ್ 11ಕ್ಕ ವೋಟ್ ಆತು, 31ಕ್ಕ 19ರಂಗ ಆ ನಕಾಶಿ ಬಿದ್ದು ಹೋತು. ವಿರುದ್ಧ ವೋಟ್ ಹಾಕಿದ 31ರಾಗ 21 ಮಂದಿ ರಿಪಬ್ಲಿಕನ್ನರ. ದಿಲ್ಲಿಯಿಂದ ಹೈಕಮಾಂಡ್ ಫೋನ್ ಬಂದ್ರ ನಮ್ಮ ಶಾಸಕರು ಯಾವ ಪಾರ್ಟಿಯವರರ ಇರ್ಲಿ ಎದ್ದು ನಿಂತು ಮಾತಾಡ್ತಾರ, ಅವರು 21 ಮಂದಿ ಕುಂತಲ್ಲೇ ಕುಂತು ಒಲ್ಲೆ ಅಂದ್ರು.

ಆ ಸುದ್ದಿ ಓದಿದ ಕೂಡಲೇ ಅಳಿಯಗ ವಾಟ್ಸಾಪ್ ಮಾಡಿದ್ದೆ. ಅವ ಆಗ ಬೆಂಗಳೂರಿಗೆ ಹೊಳ್ಳಿ ಹೋಗಿದ್ದ. ಎರಡ ದಿವಸ ಬಿಟ್ಟು ಫೋನ್ ಬಂತು. "ಮಾಮಾ, ವಿಧಾನಸಭಾ ಡಿಲಿಮಿಟೇಶನ್ ಆದ್ರ ಬೆಂಗಳೂರಿನ 28 ಸೀಟು ಇನ್ನೂ ಹೆಚ್ಚಾಗ್ತಾವಲ್ಲ, ಆಗ ನಮ್ಮ ಜಿಲ್ಲಾದ 18?" ಅಂತ ಕೇಳಿದ. ಕಡಿಮಿ ಆಗಬಹುದಪಾ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಮಾತು ಬರಲಿಲ್ಲ, ಆಮ್ಯಾಲ ಆ ವಯೋಮಿಂಗ್ ಲೆಕ್ಕ ಇನ್ನೊಮ್ಮೆ ಹೇಳ್ರಿ ಮಾಮಾ ಅಂದ.