ಪಾಪುವಿನ ನಾಲಿಗೆಯ ಎಳೆ

ಮೈಸೂರು
ಶನಿವಾರ, ಆಗಸ್ಟ್ 2, 2025

ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಪಾಪುವಿನ ನಾಲಿಗೆಯ ಅಡಿಯ ಬಿಗಿಯಾದ ಎಳೆಯನ್ನು ಬಿಡಿಸಿಕೊಂಡು ಬಂದೆವು. ಈಗ ತಂಗಿ, ಮಗು ಇಬ್ಬರೂ ಮಲಗಿದ್ದಾರೆ. ಅಮ್ಮ ಶ್ರಾವಣ ಶನಿವಾರದ ಪೂಜೆ ಮುಗಿಸಿ ಅಡುಗೆಮನೆ ಸೇರಿದ್ದಾಳೆ. ಬಾಣಂತಿ ಇರುವ ಮನೆಯವರು ಯಾರಾದರೂ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆರಿಗೆಯಾದ ಮೊದಲ ವಾರದಿಂದಲೇ ಹಾಲು ಕುಡಿಸುವುದೆಂದರೆ ತಂಗಿಗೆ ಸಂಕಟ. ಮಗು ಬಾಯಿ ಹಾಕಿದ ಕೂಡಲೇ ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂರುತ್ತಿದ್ದಳು. ತೊಟ್ಟು ಬಿರುಕು ಬಿಟ್ಟು ರಕ್ತ ಬರುತ್ತಿತ್ತು. ಮಗು ಬಿಟ್ಟಾಗ ನೋಡಿದರೆ ತೊಟ್ಟು ಚಪ್ಪಟೆಯಾಗಿ, ತುದಿ ಬಿಳಿಚಿಕೊಂಡಿರುತ್ತಿತ್ತು. ನುಂಗುವ ಸದ್ದಿಗಿಂತ ಟಕ್ ಟಕ್ ಅನ್ನುವ ಸದ್ದೇ ಜಾಸ್ತಿ. ಎಷ್ಟು ಹೊತ್ತು ಕುಡಿದರೂ ಇಳಿಸಿದ ಕೂಡಲೇ ಮತ್ತೆ ಅಳು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಅವಳಿಗೆ ಹಾಲು ಸಾಲ್ತಿಲ್ಲ ಕಣಮ್ಮ, ಡಬ್ಬಿ ಹಾಲು ಹಾಕಿ." ಇನ್ನಷ್ಟು ಸಬ್ಬಸಿಗೆ ಸೊಪ್ಪು, ಇನ್ನಷ್ಟು ಬೆಳ್ಳುಳ್ಳಿ. ಪಾಪ, ಕೊಟ್ಟದ್ದನ್ನೆಲ್ಲ ತಿಂದಳು. ಅವಳ ಎದೆಯೋ ಹಾಲು ಕಟ್ಟಿಕೊಂಡು ಗಟ್ಟಿಯಾಗಿತ್ತು. ಅದನ್ನು ನೋಡಿಯೂ ಹಾಲಿಲ್ಲ ಅಂದರೆ ಸಿಟ್ಟು ಬರುವುದಿಲ್ವಾ?

ಬರೀ ತೊಟ್ಟು ಚೀಪಿದರೆ ಮಗುವಿಗೆ ಹಾಲು ಸರಿಯಾಗಿ ಸಿಗುವುದಿಲ್ಲ. ಬಾಯಿ ದೊಡ್ಡದಾಗಿ ತೆರೆದು, ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಒಳಗೆ ಎಳೆದುಕೊಳ್ಳಬೇಕು. ನಾಲಿಗೆ ಕೆಳವಸಡಿನ ಮೇಲೆ ಚಾಚಿಕೊಂಡಿರಬೇಕು. ಆಮೇಲೆ ನಾಲಿಗೆ ಕೆಳಗಿಳಿದಾಗಲೆಲ್ಲ ಬಾಯೊಳಗೆ ಒಂದು ಸೆಳೆತ ಹುಟ್ಟಿ ಹಾಲು ಹರಿಯುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ಅಲ್ಟ್ರಾಸೌಂಡ್ ಇಟ್ಟು ಇದನ್ನು ಕಣ್ಣಾರೆ ನೋಡಿದ್ದಾರೆ. ಎಳೆ ಬಿಗಿಯಾಗಿದ್ದರೆ ನಾಲಿಗೆ ಮುಂದೆ ಬರಲಾರದು, ಮೇಲೇಳಲಾರದು. ಆಗ ಮಗು ವಸಡಿನಿಂದ ಅದುಮುತ್ತದೆ. ತಾಯಿಗೆ ನೋವು, ಮಗುವಿಗೆ ಅರೆಹೊಟ್ಟೆ. ಎದೆಯಲ್ಲಿ ಹಾಲು ಹಾಗೇ ಉಳಿಯುತ್ತಾ ಹೋದರೆ ದೇಹ ಹಾಲು ಮಾಡುವುದನ್ನೇ ಕಡಿಮೆ ಮಾಡುತ್ತದೆ. ಆಗ ನಿಜವಾಗಿಯೂ ಹಾಲು ಸಾಲದೇ ಹೋಗುತ್ತದೆ.

ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ನಮ್ಮ ಪಾಪು ಬರಲಿಲ್ಲ. ಆಗ ಎದೆಹಾಲಿನ ಬಗ್ಗೆ ಸಲಹೆ ಕೊಡುವ ನರ್ಸ್ ಒಬ್ಬರ ಹತ್ತಿರ ಹೋದೆವು. ಅವರು ಬಾಯಿ ತೆರೆದು ನೋಡಿದ್ದು ಆಮೇಲೆ. ಮೊದಲು ಪಕ್ಕದಲ್ಲೇ ಕುಳಿತು, ಮಗು ಕುಡಿದು ಮುಗಿಸುವವರೆಗೂ ಸುಮ್ಮನೆ ನೋಡಿದರು. ತಂಗಿ ಕೂರುವ ರೀತಿ, ಮಗುವನ್ನು ಹಿಡಿಯುವ ರೀತಿ ತಿದ್ದಿದರು. ಮಗು ಅತ್ತಾಗ ನಾಲಿಗೆಯ ತುದಿ ಮಧ್ಯದಲ್ಲಿ ಒಳಕ್ಕೆ ಎಳೆದುಕೊಂಡು ಹೃದಯದ ಆಕಾರಕ್ಕೆ ಬರುವುದನ್ನು ತೋರಿಸಿದರು. ಆದರೂ ತಕ್ಷಣ ಕತ್ತರಿಸಿ ಅನ್ನಲಿಲ್ಲ. ಹಿಡಿಯುವ ರೀತಿ ಬದಲಿಸಿದ್ದರಿಂದ ನೋವು ಕಡಿಮೆಯಾಯಿತು, ಹೋಗಲಿಲ್ಲ. ತೂಕವೂ ಸರಿಯಾಗಿ ಏರಲಿಲ್ಲ. ಅದಕ್ಕೇ ಇವತ್ತಿನ ಕೆಲಸ.

ಈ ಕ್ರಮ ನನಗೆ ಬಹಳ ಹಿಡಿಸಿತು. ನಾಲಿಗೆಯ ಅಡಿಯ ಎಳೆ ಎಲ್ಲರಿಗೂ ಇರುತ್ತದೆ. ಕನ್ನಡಿಯ ಮುಂದೆ ನಾಲಿಗೆ ಎತ್ತಿ ನೋಡಿಕೊಳ್ಳಿ. ಎಳೆ ಕಂಡ ಮಾತ್ರಕ್ಕೆ ಅದು ರೋಗವಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಲ್ಲಿದ್ದ ಶಿಶುಗಳಲ್ಲಿ 1997ರಲ್ಲಿ ಸುಮಾರು 3,900 ಮಕ್ಕಳಿಗೆ ಟಂಗ್ ಟೈ, ಅಂದರೆ ಈ ಎಳೆಯ ಬಿಗಿತ, ಇದೆ ಎಂದು ಗುರುತಿಸಿದ್ದರು. 2012ರಲ್ಲಿ ಅದು 32,000 ದಾಟಿತು. ಮಕ್ಕಳ ನಾಲಿಗೆಗಳು ಹದಿನೈದು ವರ್ಷದಲ್ಲಿ ಅಷ್ಟು ಬದಲಾಗುವುದಿಲ್ಲ, ಹುಡುಕುವುದು ಜಾಸ್ತಿಯಾಗಿದೆ ಅಷ್ಟೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ 2024ರ ವರದಿಯಲ್ಲಿ ಹೇಳಿದೆ: ಎಳೆ ಬಿಗಿಯಾಗಿ ಕಾಣುವ ಶಿಶುಗಳಲ್ಲಿ ಹಾಲು ಕುಡಿಯಲು ಕಷ್ಟಪಡುವವು ಅರ್ಧಕ್ಕಿಂತ ಕಡಿಮೆ.

ಕತ್ತರಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹುಟ್ಟಿದಾಗ ವಿಟಮಿನ್ ಕೆ ಕೊಟ್ಟಿದ್ದಾರಾ, ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇದೆಯಾ ಎಂದು ಡಾಕ್ಟರ್ ಕೇಳಿದರು. ಪಾಪುವನ್ನು ಬಟ್ಟೆಯಲ್ಲಿ ಸುತ್ತಿ, ತಲೆ ಅಲುಗದ ಹಾಗೆ ಹಿಡಿದು, ಕತ್ತರಿಯಲ್ಲಿ ಆ ತೆಳು ಎಳೆಯನ್ನು ಬಿಡಿಸಿದರು. ಕೆಲವೇ ಹನಿ ರಕ್ತ. ಕೂಡಲೇ ತಂಗಿಯ ಕೈಗೆ ಕೊಟ್ಟರು. "ಅಕ್ಕಾ, ನೋವಾಗ್ತಿಲ್ಲ" ಅಂದಳು ತಂಗಿ. ಅವಳು ಅತ್ತಳು, ನಾನೂ ಅತ್ತೆ. ಗಾಯದ ಜಾಗದಲ್ಲಿ ಕೆಲವು ದಿನ ಬಿಳಿಹಳದಿ ಕಲೆ ಕಾಣುತ್ತದೆ, ಅದು ಕೀವಲ್ಲ, ಒರೆಸಬೇಡಿ ಎಂದು ಹೇಳಿ ಕಳಿಸಿದರು.

ಇದರಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ, ಎಳೆ ಬಿಡಿಸಿ ನೋಡಿದ ಐದು ಪ್ರಯೋಗಗಳನ್ನು, ಒಟ್ಟು 302 ಶಿಶುಗಳನ್ನು ಒಟ್ಟಿಗೆ ಇಟ್ಟು ನೋಡಿತು. ತಾಯಂದಿರ ನೋವು ಸ್ವಲ್ಪ ಕಾಲಕ್ಕಾದರೂ ಕಡಿಮೆಯಾಗಿತ್ತು. ಮಗು ಕುಡಿಯುವುದು ಸುಧಾರಿಸಿತು ಅನ್ನುವುದು ಎಲ್ಲ ಪ್ರಯೋಗಗಳಲ್ಲೂ ಒಂದೇ ರೀತಿ ಕಾಣಲಿಲ್ಲ. ಪಾಪು ಇನ್ನು ಕಲಿಯಬೇಕು. ತೂಕ ನೋಡುತ್ತಾ ಇರಬೇಕು.

ಮಧ್ಯಾಹ್ನ ಪಕ್ಕದ ಮನೆ ಆಂಟಿ ಬಂದಿದ್ದರು. "ಒಳ್ಳೇದಾಯ್ತು, ಇಲ್ಲಾಂದ್ರೆ ಮಾತೇ ಬರ್ತಿರಲಿಲ್ಲ" ಅಂದರು. ಇದೊಂದು ಭಯ ಎಲ್ಲ ಮನೆಯಲ್ಲೂ ಇದೆ. ಎಳೆ ಬಿಗಿಯಿದ್ದರೆ ಮಾತು ತಡವಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಮಾತು ಕಲಿಯುವುದು ಕಿವಿಯಿಂದ, ಮಿದುಳಿನಿಂದ. ಬಹಳ ಬಿಗಿಯಿದ್ದರೆ ನಾಲಿಗೆ ಮೇಲೆತ್ತಿ ಆಡುವ ಲ, ರ, ಳ, ಣ ಥರದ ಅಕ್ಷರಗಳಲ್ಲಿ ತೊಡಕು ಬರಬಹುದು. ಎಷ್ಟೋ ಮಕ್ಕಳು ಅದಕ್ಕೂ ತಾವೇ ದಾರಿ ಕಂಡುಕೊಳ್ಳುತ್ತಾರೆ. ಮುಂದೆಂದೋ ಮಾತು ತೊದಲೀತು ಎಂದು ಎಳೆಗೂಸಿನ ಬಾಯಿಗೆ ಕತ್ತರಿ ಹಾಕಿಸುವುದು ನನಗಂತೂ ಒಪ್ಪಿಗೆಯಿಲ್ಲ. ಮಾತು ಚೆನ್ನಾಗಿ ಬರಲಿ ಅಂತ ಬಜೆ ತೇಯ್ದು ಜೇನಲ್ಲಿ ನೆಕ್ಕಿಸುವುದೂ ಬೇಡ. ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಅಮ್ಮನಿಗೆ ಇದನ್ನು ಒಪ್ಪಿಸಲು ಸ್ವಲ್ಪ ಕಷ್ಟವಾಯಿತು, ಕೊನೆಗೆ ಒಪ್ಪಿದಳು.

ಆಮೇಲೆ ಗೊತ್ತಾಯಿತು, ಆಂಟಿಯ ಮೊಮ್ಮಗನಿಗೆ ಎರಡು ವರ್ಷ ದಾಟಿದರೂ ಇನ್ನೂ ಮಾತಿಲ್ಲ. ಅವನಿಗೂ ಎಳೆ ಕತ್ತರಿಸಿಬಿಡೋಣ ಅಂತ ಮನೆಯಲ್ಲಿ ಮಾತಾಗುತ್ತಿದೆಯಂತೆ. ಹಿಂದಿನಿಂದ ಕರೆದರೆ ತಿರುಗುತ್ತಾನಾ ಆಂಟಿ, ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಒಂದೊಂದ್ಸಲ" ಅಂದರು. ಮೊದಲು ಕಿವಿ ನೋಡಿಸಿ, ಎಳೆಯ ವಿಷಯ ಆಮೇಲೆ ಎಂದು ಕೈ ಹಿಡಿದು ಹೇಳಿದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮ್ಮ ಊರಲ್ಲೇ ಇದೆ. ಕಿವಿ, ಮಾತು ಎರಡನ್ನೂ ಅಲ್ಲೇ ಪರೀಕ್ಷೆ ಮಾಡುತ್ತಾರೆ. ಸೋಮವಾರ ಬೆಳಿಗ್ಗೆ ಅವರ ಜೊತೆ ನಾನೂ ಹೋಗುತ್ತಿದ್ದೇನೆ.